ನಡಾವಳಿಯಲ್ಲಿ ಹೊಡೆದುಹಾಕಿದ ಒಂದು ಸಾಲು

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ನಮ್ಮ ಗ್ರಾಮ ಪಂಚಾಯಿತಿ ಸದಸ್ಯೆಯ ಒಂದು ವಾರದ ದಿನಚರಿ ಓದಿದೆ. ಸಸಿ ನೆಡುವ ಫೋಟೋ ಅರ್ಧ ಪುಟ! ಹೋದ ವರ್ಷವೂ ಅದೇ ಜಾಗದಲ್ಲಿ ನೆಟ್ಟಿದ್ದರು. ನಮ್ಮ ಮನೆ ಕೆಳಗಿನ ಹಳ್ಳ ದಾಟುವ ಕಾಲುಸಂಕ ನೋಡಲು ಮಾತ್ರ ಇವತ್ತಿನವರೆಗೆ ಯಾರೂ ಬಂದಿಲ್ಲ. ನಿಮ್ಮ ಪತ್ರಿಕೆಯೂ ಫೋಟೋಕ್ಕೆ ಮರುಳಾಯಿತೇ?’
– ಹೊಸನಗರ ತಾಲ್ಲೂಕಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಮರುಳಾಯಿತು ಸ್ವಾಮಿ, ಒಪ್ಪಿಕೊಂಡೆ. ಪುಟ ಕಟ್ಟುವಾಗ ಜಾಗ ಉಳಿದಿತ್ತು, ಜೂನ್ 5ರ ಪರಿಸರ ದಿನದ ಹಸಿರು ಫೋಟೋ ಕೈಯಲ್ಲಿತ್ತು, ಹಾಕಿಬಿಟ್ಟೆವು. ನಿಮ್ಮ ಪತ್ರ ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಮಳೆ ಹೊಳವಾದ ಒಂದು ಸಂಜೆ ಶಾಲೆ ಹಿಂದಿನ ಆ ಹಕ್ಕಲಿಗೆ ಹೋಗಿ ಬಂದೆ. ಹೋದ ವರ್ಷದ ಗುಂಡಿಗಳು ಇನ್ನೂ ಗುರುತು ಸಿಗುತ್ತವೆ. 11 ಎಣಿಸಿದೆ, ಮೂರರಲ್ಲಿ ಜೀವ ಇತ್ತು. ಉಳಿದವಕ್ಕೆ ದನವೋ ಬೇಸಿಗೆಯೋ ಬಾಯಿ ಹಾಕಿದೆ. ಒಂದು ಒಣಗಿದ ಕಡ್ಡಿ ಹಿಡಿದು ಎಳೆದರೆ ಕರಿ ಪ್ಲಾಸ್ಟಿಕ್ ಚೀಲದ ಸಮೇತ ಎದ್ದು ಬಂತು. ಚೀಲ ಬಿಡಿಸದೆಯೇ ನೆಟ್ಟಿದ್ದಾರೆ! ಬೇರು ಒಳಗೊಳಗೇ ಸುತ್ತಿಕೊಂಡು ಸಿಂಬಿಯಂತಾಗಿತ್ತು. ನೆಟ್ಟವರ ಗಮನವೆಲ್ಲ ಕ್ಯಾಮೆರಾದ ಕಡೆಗಿತ್ತೋ ಏನೋ.

ಸದಸ್ಯೆಯ ಪರವಾಗಿ ಇಲ್ಲಿ ಒಂದು ಮಾತು ಹೇಳಬೇಕು. ಈ ಸಲ ಅವರು ನರ್ಸರಿಯಿಂದ ನಮ್ಮ ಕಾಡಿನದ್ದೇ ಆದ ಹೊನ್ನೆ, ನೇರಳೆ, ವಾಟೆ, ಉಪ್ಪಾಗೆಯನ್ನೇ ಕೇಳಿ ತರಿಸಿದ್ದಾರೆ. ಸಸಿ ಅಂದರೆ ಅಕೇಶಿಯಾ ಅಂತಿದ್ದ ಕಾಲ ನೀವೂ ನೋಡಿದ್ದೀರಿ. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಕ್ಕೆ ಗುತ್ತಿಗೆ ಕೊಟ್ಟ ಗುಡ್ಡಗಳಲ್ಲಿ ಬೆಳೆಸಿದ ಅಕೇಶಿಯಾ ಬುಡದಲ್ಲಿ ಇವತ್ತಿಗೂ ಹುಲ್ಲು ಏಳುವುದಿಲ್ಲ ಎಂದು ದನ ಕಾಯುವವರು ಬೈಯುತ್ತಾರೆ.

ಫೋಟೋಕ್ಕಿಂತ ದೊಡ್ಡ ತಪ್ಪು ನಮ್ಮಿಂದ ಆದದ್ದು ಗುರುವಾರದ ವಿಷಯದಲ್ಲಿ. ‘ವಾರ್ಡ್ ಸಭೆ ನಡೆಸಿದರು’ ಎಂದು ಮೂರೇ ಶಬ್ದದಲ್ಲಿ ಕೈತೊಳೆದುಕೊಂಡಿದ್ದೆವು. ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ಆಗಬೇಕು ಎಂದು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಇಲ್ಲಿ ಎದ್ದ ಬೇಡಿಕೆ ಗ್ರಾಮಸಭೆಗೆ ಹೋಗಬೇಕು, ಅಲ್ಲಿಂದ ಕ್ರಿಯಾ ಯೋಜನೆಗೆ. ಬಾಯಲ್ಲಿ ಎಷ್ಟು ಕೂಗಾಡಿದರೂ ನಡಾವಳಿ ಪುಸ್ತಕದಲ್ಲಿ ಬರೆಯದಿದ್ದರೆ ಆ ಬೇಡಿಕೆ ಹುಟ್ಟಿಯೇ ಇಲ್ಲ. ಮೊನ್ನೆ ಆ ಪುಸ್ತಕ ತೆರೆಸಿ ನೋಡಿದೆ.

ಮೊದಲನೇ ವಿಷಯ ಮಂಗನ ಕಾಯಿಲೆ. ಜೂನ್‌ನಲ್ಲಿ ಯಾರು ಅದರ ಮಾತೆತ್ತುತ್ತಾರೆ? ಮಳೆ ಬಿದ್ದರೆ ರೋಗ ಹರಡುವ ಉಣುಗೂ ಅಡಗುತ್ತದೆ, ಇಲಾಖೆಯ ಭಯವೂ ಅಡಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸೂತಕ ತಂದ ರೋಗ. ಹಳೆಯ ಲಸಿಕೆ ನಿಂತುಹೋದ ಮೇಲೆ ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆಯೇ ಗತಿ. ಹೋದ ಸಲ ಅದು ನಿಮ್ಮ ಕಡೆಗೆ ತಲುಪುವಷ್ಟರಲ್ಲಿ ಜನ ಕಾಡಿನ ದರಗು (ಒಣಗಿದ ಎಲೆ) ಗುಡಿಸಿ ಕೊಟ್ಟಿಗೆಗೆ ಹೊತ್ತು ಮುಗಿದಿತ್ತು. ಹಾಗಾಗಿ ಈ ಬಾರಿ ‘ನವೆಂಬರ್ ಒಳಗೆ ಆಶಾ ಕಾರ್ಯಕರ್ತೆಯರ ಕೈಗೆ ಎಣ್ಣೆ ಸೇರಬೇಕು’ ಎಂದು ಈಗಲೇ ಬರೆಸಿದ್ದಾರೆ. ಇದಕ್ಕೆ ಫೋಟೋ ಇಲ್ಲ, ಇರಲು ಸಾಧ್ಯವೂ ಇಲ್ಲ.

ಚರಂಡಿ, ಒಣಕಸದ ಗಾಡಿ ವಗೈರೆ ಎಲ್ಲ ಊರಿನಂತೆಯೇ. ನಾಲ್ಕನೆಯದು ನಿಮ್ಮ ಸಂಕ.

ಆ ಪುಟವನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ. ಮೊದಲು ನೀಲಿ ಶಾಯಿಯಲ್ಲಿ ‘ಅನುದಾನದ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು’ ಎಂದು ಬರೆದಿದೆ. ಈ ವಾಕ್ಯದ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ಅದರ ಮೇಲೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಸದಸ್ಯೆಯ ಚಿಕ್ಕ ಸಹಿ. ಕೆಳಗೆ ಹೊಸದಾಗಿ: ‘ಸಂಕದ ಉದ್ದ 18 ಅಡಿ. ದಿನವೂ ದಾಟುವ ಶಾಲಾ ಮಕ್ಕಳು 6. ಅಡಿಕೆ ಮರದ ದಬ್ಬೆ ತೆಗೆದು ಕಾಂಕ್ರೀಟ್ ಸಂಕ ಮಾಡುವುದು. ಆದ್ಯತೆ: ಒಂದು.’ ಆ ಗೆರೆಗಾಗಿ ಎಷ್ಟು ಹೊತ್ತು ವಾದ ಆಗಿರಬಹುದು, ನೀವೇ ಊಹಿಸಿ.

ಅಳತೆ ಎಲ್ಲಿಂದ ಬಂತು ಎಂದು ಕೇಳಿದೆ. ಮಂಗಳವಾರ ಟೇಪು ಹಿಡಿದು ಹೋಗಿದ್ದರಂತೆ. ನಿಮ್ಮ ಮನೆಯಲ್ಲಿ ಯಾರೂ ಇರಲಿಲ್ಲವಂತೆ, ನಾಯಿಯೊಂದೇ ಮಾತಾಡಿಸಿದ್ದಂತೆ.

ಸಭೆಯ ಸಹಿ ಪಟ್ಟಿಯಲ್ಲಿ 23 ಹೆಸರಿವೆ. ನಿಮ್ಮದಿಲ್ಲ. ಇದನ್ನು ನಿಮ್ಮ ಮೇಲೆ ಹೊರಿಸುತ್ತಿಲ್ಲ. ಸಭೆಯ ಸುದ್ದಿ ಹೋದದ್ದು ವಾಟ್ಸಾಪ್‌ನಲ್ಲಿ ಮಾತ್ರ, ನಿಮ್ಮ ಕೇರಿಯಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಲಿನ ಡೇರಿ ಗೋಡೆಗೆ ಒಂದು ಚೀಟಿ ಅಂಟಿಸಲಿಕ್ಕೆ ಏನು ಕಷ್ಟವಿತ್ತು ಎಂದು ಅವರನ್ನೂ ಕೇಳಿದ್ದೇನೆ. ಉತ್ತರ ಸರಿಯಾಗಿ ಬರಲಿಲ್ಲ.

ಬುಧವಾರದ್ದನ್ನೂ ನಾವು ಹಾರಿಸಿದ್ದೆವು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ನಿರ್ವಹಣಾ ಸಮಿತಿ, ಊರಿನ ಗಿಡಮರಗಳ ಒಂದು ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಯದ್ದನ್ನು ಬಿಡಿಸಿದರೆ ‘ಮಾವು, ಹಲಸು, ಬೇವು’ ಎಂದಿದೆ, ಬೇರೆಲ್ಲೋ ಕೂತು ತುಂಬಿದ ಹಾಗೆ. ಹೊಳೆದಂಡೆಯ, ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಮರಗಳ ಸೊಲ್ಲೇ ಇಲ್ಲ. ಸದಸ್ಯೆ ಊರಿನ ಹಿರಿಯರಿಬ್ಬರನ್ನು ಕರೆದುಕೊಂಡು ದಂಡೆ ಹಿಡಿದು ನಡೆದಿದ್ದಾರೆ. ಮಿಡಿಯ ಹಂಗಾಮು ಮುಗಿದಿತ್ತು, ಆದ್ದರಿಂದ ಎಲೆ ಹಿಸುಕಿ ಮೂಸಿ, ಇದು ಜೀರಿಗೆ, ಇದು ಕರ್ಪೂರ ಎಂದು ತಳಿ ಗುರುತಿಸಿ ಅವರಲ್ಲೊಬ್ಬ ಅಜ್ಜ ಹೇಳುತ್ತಾ ಹೋದರಂತೆ, ಇವರು ಬರೆದುಕೊಂಡರಂತೆ. ಮೂರು ಮರ ಸಿಕ್ಕಿವೆ. ನಾಲ್ಕನೆಯದರ ಕೊಂಬೆಗಳನ್ನು ಮಿಡಿ ಕೀಳುವವರು ಕೊಯ್ಲಿನ ಅವಸರದಲ್ಲಿ ಕಡಿದೇ ಹಾಕಿದ್ದಾರೆ, ಬೊಡ್ಡೆ ಉಳಿದಿದೆ. ಒಂದು ಕಿಲೋ ಮಿಡಿಗೆ ಸಿಗುವ ದುಡ್ಡು ನೋಡಿದರೆ ಮರಕ್ಕೆ ಕತ್ತಿ ಬೀಳುವುದು ಆಶ್ಚರ್ಯವೇನಲ್ಲ.

ಇಷ್ಟೆಲ್ಲ ಬರೆದೆನೆಂದು ಅವರನ್ನು ನಂಬಿ ಸುಮ್ಮನಿರಬೇಡಿ. ಪುಸ್ತಕದಲ್ಲಿ ಬರೆದ ಸಂಕ ಹಳ್ಳದ ಮೇಲೆ ಬರುವ ತನಕ ಅದು ಬರೀ ಶಾಯಿ. ನಡಾವಳಿಯ ಪ್ರತಿ ಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಕೊಡಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ಮಳೆಗಾಲ ಕಳೆದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಅರ್ಧ ಪುಟ ನಿಮಗಾಗಿ ತೆಗೆದಿಟ್ಟಿರುತ್ತೇನೆ.

ನಿಮ್ಮ ಪತ್ರವನ್ನು ಫೋನಿನಲ್ಲಿ ಸದಸ್ಯೆಗೆ ಓದಿ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ‘ಅವ್ರು ಹೇಳಿದ್ದು ಸರಿಯೇ ಸರ್, ಗಿಡಕ್ಕೆ ಬೇಲಿ ಕಟ್ಟಿಸಲಿಲ್ಲ, ನಂದೇ ತಪ್ಪು’ ಅಂದರು. ಆಮೇಲೆ ಫೋನ್ ಇಡುವ ಮುಂಚೆ: ‘ಅವ್ರಿಗೆ ಒಂದ್ ಮಾತು ಹೇಳಿ ಮಾರಾಯ್ರೆ, ಸಂಕದ ಎಡಗಡೆ ದಬ್ಬೆ ಪೂರ್ತಿ ಕೊಳೆತು ಲಡ್ಡಾಗಿದೆ. ಮಕ್ಕಳನ್ನ ಬಲಗಡೆಯಿಂದಲೇ ದಾಟಿಸಲಿ.’