ಬಾಂಡ್ ಪೇಪರ್ ಮೇಲೆ ಬರೆದುಕೊಂಡ ಡಿವೋರ್ಸ್ ನಡೆಯುತ್ತಾ?

ಪ್ರಶ್ನೆ: ಮೇಡಂ, ನಾಲ್ಕು ವರ್ಷದ ಹಿಂದೆ ಹಿರಿಯರು ಕೂತು ನನ್ನ ಸಂಸಾರದ ಪಂಚಾಯ್ತಿ ಮುಗಿಸಿದರು. ಬಾಂಡ್ ಪೇಪರ್ ಮೇಲೆ ‘ಇನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲ’ ಎಂದು ಬರೆಸಿ, ಇಬ್ಬರ ಸಹಿ ಹಾಕಿಸಿ, ನೋಟರಿ ಮಾಡಿಸಿದರು. ನನಗೆ ಎರಡು ಲಕ್ಷ ಕೊಟ್ಟರು. ನನ್ನ ಗಂಡ ಬೇರೆ ಮದುವೆಯಾಗಿದ್ದಾರೆ, ಮಗುವೂ ಇದೆ. ಈಗ ನನಗೊಂದು ಸಂಬಂಧ ಬಂದಿದೆ. ಗಂಡಿನ ಕಡೆಯವರು ಕೋರ್ಟ್ ಆರ್ಡರ್ ತೋರಿಸಿ ಅನ್ನುತ್ತಿದ್ದಾರೆ. ನನ್ನ ಹತ್ತಿರ ಇರುವುದು ಈ ಕಾಗದ ಮಾತ್ರ.
– ಓದುಗರು, ಗದಗ ಜಿಲ್ಲೆ

ಉತ್ತರ: ಅವರು ಕೇಳಿದ್ದು ಸರಿಯಾಗಿಯೇ ಇದೆ ತಂಗಿ. ಬೇಸರ ಮಾಡಿಕೊಳ್ಳಬೇಡಿ. ನೀವು ಹಿಂದೂ ಎಂದುಕೊಂಡು ಉತ್ತರ ಬರೆಯುತ್ತಿದ್ದೇನೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಕಾಯ್ದೆ ಬೇರೆ.

ನೋಟರಿಯವರು ಹೇಳುವುದು ಸಹಿ ಮಾಡಿದ್ದು ನೀವೇ ಅಂತ, ಅಷ್ಟೆ. ಮದುವೆ ಬಿಡಿಸುವ ಅಧಿಕಾರ ಅವರಿಗೂ ಇಲ್ಲ, ಪಂಚರಿಗೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಅದಕ್ಕೆ ಕೋರ್ಟಿನ ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಬೇಕು. ‘ನಮ್ಮ ಜಾತಿಯಲ್ಲಿ ಸೋಡಚೀಟಿ (ಮದುವೆ ಬಿಟ್ಟೆವು ಅಂತ ಬರೆದುಕೊಡುವ ಪತ್ರ) ನಡೆಯುತ್ತದೆ’ ಅನ್ನುವವರಿದ್ದಾರೆ. ಪದ್ಧತಿಯ ಪ್ರಕಾರ ಆದ ವಿಚ್ಛೇದನಕ್ಕೆ ಕಾಯ್ದೆಯ 29ನೇ ಕಲಮಿನಲ್ಲಿ ಜಾಗ ಇದೆ, ನಿಜ. ಆದರೆ ಆ ಪದ್ಧತಿ ಬಹಳ ಕಾಲದಿಂದ ಬಿಡದೆ ನಡೆದುಬಂದಿದೆ ಅಂತ ಸಾಬೀತು ಮಾಡಬೇಕು. ಅದು ಸುಲಭವಲ್ಲ. ಅದನ್ನು ನಂಬಿಕೊಂಡು ಹಸೆಮಣೆ ಏರಬೇಡಿ ಅಂತಲೇ ನಾನು ಹೇಳುವುದು.

ಈಗ ನೀವು ಮದುವೆಯಾದರೆ ಅದು ಅಸಿಂಧು. ಮೇಲಾಗಿ ಮೊದಲ ಸಂಗಾತಿ ಇರುವಾಗ ಮತ್ತೊಂದು ಮದುವೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ನಿಮ್ಮ ಗಂಡ ಆಗಲೇ ಅದರಲ್ಲಿ ಸಿಕ್ಕಿಕೊಂಡಿದ್ದಾರೆ. ಪಾಪ, ಆ ಮಗುವಿಗೆ ಇದರಿಂದ ಕಳಂಕವಿಲ್ಲ. ಕಾಯ್ದೆ ಅದನ್ನು ಸಕ್ರಮ ಸಂತಾನ ಅಂತಲೇ ಒಪ್ಪುತ್ತದೆ.

ದಾರಿ ಇದೆ. ನಿಮ್ಮ ಗಂಡನಿಗೂ ಈ ಡಿಕ್ರಿ ನಿಮ್ಮಷ್ಟೇ ಬೇಕು. ಹಾಗಾಗಿ ಅವರು ಬಂದು ಸಹಿ ಹಾಕುವ ಸಾಧ್ಯತೆಯೇ ಜಾಸ್ತಿ. ಇಬ್ಬರೂ ಸೇರಿ 13ಬಿ ಕಲಮಿನಡಿ, ಅಂದರೆ ಪರಸ್ಪರ ಒಪ್ಪಿಗೆಯ ಮೇಲೆ, ಅರ್ಜಿ ಹಾಕಿ. ಒಂದು ವರ್ಷವಾದರೂ ಬೇರೆ ಇದ್ದಿರಬೇಕು ಅನ್ನುವುದು ಶರತ್ತು. ನಿಮಗೆ ನಾಲ್ಕಾಗಿದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯುವ ನಿಯಮ ಉಂಟು. ಆದರೆ ನಿಮ್ಮ ಹಾಗೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಬೇರೆ ಇದ್ದು, ಹಣ, ಮಕ್ಕಳ ವಿಚಾರವೆಲ್ಲ ತೀರ್ಮಾನವಾಗಿದ್ದರೆ ಅದನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ತಾನಾಗಿ ಆಗುವುದಿಲ್ಲ, ಪ್ರತ್ಯೇಕ ಅರ್ಜಿ ಹಾಕಿ ಕೇಳಬೇಕು. ಮಾಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ.

ಆ ಬಾಂಡ್ ಪೇಪರ್ ಹರಿದು ಹಾಕಬೇಡಿ. ಯಾವಾಗಿನಿಂದ ಬೇರೆ ಇದ್ದೀರಿ, ಎಷ್ಟು ಹಣ ಬಂತು ಅನ್ನುವುದಕ್ಕೆ ಅದೇ ಪುರಾವೆ. ಗಂಡ ಬರುವುದೇ ಇಲ್ಲ ಅಂದರೂ ಹೆದರಬೇಡಿ. ಅವರು ಇನ್ನೊಬ್ಬರ ಜೊತೆ ಸಂಸಾರ ಮಾಡುತ್ತಿರುವುದೇ ನೀವು ಒಬ್ಬರೇ ವಿಚ್ಛೇದನ ಕೇಳಲು ಸಾಕಾದ ಕಾರಣ. ಆಗ ಗಂಡನ ಊರಿಗೆ ಅಲೆಯಬೇಕಿಲ್ಲ. ನೀವು ಈಗ ಇರುವ ತವರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡುತ್ತಾರೆ.

ಡಿಕ್ರಿಯ ದೃಢೀಕೃತ ನಕಲು ಕೈಗೆ ಬರುವ ತನಕ ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಡಿ.

ಪ್ರಶ್ನೆ: ಹೆಂಡತಿ ಬಿ.ಇ. ಓದಿದ್ದಾಳೆ, ಮಗು ಆದಮೇಲೆ ಕೆಲಸ ಬಿಟ್ಟಳು. ಈಗ ಡಿವೋರ್ಸ್ ಕೇಸು, ಜೀವನಾಂಶ ಕೇಳಿದ್ದಾಳೆ. ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟರೆ ಕೊಡಬೇಕಾಗಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
– ಓದುಗರು, ಬೆಂಗಳೂರು

ಉತ್ತರ: ಆ ಸ್ನೇಹಿತರನ್ನು ಒಂದು ಸಲ ಕೋರ್ಟ್ ಹಾಲಿಗೆ ಕರೆದುಕೊಂಡು ಬನ್ನಿ. ನೋಟಿಸ್ ಬಂದ ಮೇಲೆ ಇದ್ದಕ್ಕಿದ್ದಂತೆ ಕೆಲಸ ಹೋಗುವ ಗಂಡಂದಿರನ್ನು ನ್ಯಾಯಾಧೀಶರು ಸಾಕಷ್ಟು ನೋಡಿರುತ್ತಾರೆ. ದುಡಿಯುವ ಶಕ್ತಿ ಇರುವವರು ಸುಮ್ನೆ ಮನೆಯಲ್ಲಿ ಕೂತರೆ, ದುಡಿಯಬಲ್ಲರು ಎಂದೇ ಲೆಕ್ಕ ಹಾಕುತ್ತಾರೆ.

2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದ ತೀರ್ಪು ಬಂದ ಮೇಲೆ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ವಿವರ ಎಲ್ಲ ಅದರ ಜೊತೆ ಹೋಗುತ್ತದೆ. ಅದರಲ್ಲಿ ಸುಳ್ಳು ಬರೆದರೆ ಅದೇ ಬೇರೆ ತಲೆನೋವು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗುತ್ತದೆ. ವಾಯಿದೆ ಮುಂದೂಡಿಸಿದಷ್ಟೂ ಬಾಕಿ ಬೆಳೆಯುತ್ತದೆ.

ಹೆಂಡತಿ ಓದಿದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಮಗುವಿಗಾಗಿ ಕೆಲಸ ಬಿಟ್ಟು ಎಷ್ಟು ವರ್ಷವಾಯಿತು, ಮತ್ತೆ ಸಿಗುವುದು ಎಷ್ಟು ಕಷ್ಟ ಅನ್ನುವುದನ್ನೂ ನೋಡುತ್ತಾರೆ. ಅವರು ಈಗ ನಿಜವಾಗಿ ಸಂಪಾದಿಸುತ್ತಿದ್ದರೆ ದಾಖಲೆ ಕೊಡಿ, ಮೊತ್ತ ಕಡಿಮೆಯಾಗಬಹುದು. ‘ಸಂಬಳದ ಮೂರನೇ ಒಂದು ಭಾಗ’ ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಪ್ರಶ್ನೆ: ನನ್ನ ಒಡವೆ ಅತ್ತೆಯ ಬೀರುವಿನಲ್ಲಿದೆ. ‘ಮದುವೆ ಖರ್ಚಿಗೆ ಸರಿಹೋಯಿತು’ ಅನ್ನುತ್ತಾರೆ.
– ಓದುಗರು, ಮಂಡ್ಯ

ಉತ್ತರ: ಸರಿಹೋಗುವುದಿಲ್ಲ. ತವರಿನವರು ಹಾಕಿದ್ದಿರಲಿ, ಅತ್ತೆ ಮನೆಯವರು ನಿಮಗೆ ಅಂತ ಕೊಟ್ಟದ್ದಿರಲಿ, ಅದು ಸ್ತ್ರೀಧನ. ಪೂರ್ತಿ ನಿಮ್ಮದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಇವತ್ತೇ ಕೂತು ಪಟ್ಟಿ ಮಾಡಿ. ಅಂಗಡಿ ರಸೀದಿ ಇಲ್ಲದಿದ್ದರೆ ಮದುವೆ ಆಲ್ಬಮ್, ವಿಡಿಯೋ ತೆಗೆಯಿರಿ. ಕೊರಳಲ್ಲಿ, ಕೈಯಲ್ಲಿ ಏನಿತ್ತು ಅದರಲ್ಲಿ ಕಾಣುತ್ತದಲ್ವಾ? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿದರೆ ವಾಪಸ್ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ.

ಪ್ರಶ್ನೆ: ಮಗ, ಸೊಸೆ ಒಪ್ಪಿಕೊಂಡು ಬೇರೆಯಾಗುತ್ತಿದ್ದಾರೆ. ಮೊಮ್ಮಗನಿಗೆ ನಾಲ್ಕು ವರ್ಷ. ನಮಗೆ ನೋಡಲು ಸಿಗುತ್ತಾನೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಯಜಮಾನರೇ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ಆದರೆ ತಂದೆಗೆ ಭೇಟಿಯ ಹಕ್ಕು ಇರುತ್ತದೆ, ನಿಮಗೆ ದಾರಿ ಅಲ್ಲಿದೆ. ಒಪ್ಪಂದ ಬರೆಯುವಾಗ ‘ಆಗಾಗ ಭೇಟಿ’ ಅಂತ ತೇಲಿಸಿ ಬರೆದರೆ ಆಮೇಲೆ ಜಗಳವೇ. ತಿಂಗಳಿಗೆ ಎಷ್ಟು ಭಾನುವಾರ, ಬೆಳಿಗ್ಗೆ ಎಷ್ಟು ಗಂಟೆಗೆ, ಯಾರು ಕರೆತರಬೇಕು, ದಸರಾ ರಜೆಯಲ್ಲಿ ಎಷ್ಟು ದಿನ, ವಿಡಿಯೋ ಕಾಲ್ ಯಾವ ದಿನ, ಎಲ್ಲ ಬರೆಸಿ. ಆ ದಿನಗಳಲ್ಲಿ ಮಗು ಅಜ್ಜ-ಅಜ್ಜಿಯ ಮನೆಯಲ್ಲಿ ಉಳಿಯಬಹುದು ಅನ್ನುವ ಒಂದು ಸಾಲನ್ನೂ ಸೇರಿಸಿ. ಸೊಸೆಯ ಜೊತೆ ನೀವೇ ಒಮ್ಮೆ ಮಾತಾಡಿ. ಮಗನ ಮೇಲಿನ ಸಿಟ್ಟು ಎಷ್ಟೋ ಸಲ ನಿಮ್ಮ ತನಕ ಬಂದಿರುವುದಿಲ್ಲ.