ಅಣ್ಣ ಹಠಾತ್ತನೆ ತೀರಿಕೊಂಡು ಹತ್ತು ವರ್ಷವಾಯಿತು. ಆ ದಿನ ಬಂದರೆ ಈಗಲೂ ಅಳು ಬರುತ್ತದೆ. ಇದು ಸಹಜವೇ?

ಖಂಡಿತ ಸಹಜ. ಹಠಾತ್ ಸಾವಿನಲ್ಲಿ ಕೊನೆಯ ಮಾತಿಗೆ ಅವಕಾಶವೇ ಸಿಗುವುದಿಲ್ಲ, ಅಲ್ವಾ? ಹಿಂದಿನ ದಿನದ ಸಣ್ಣ ಜಗಳ ಕೂಡ ಹಾಗೇ ಉಳಿದುಬಿಡುತ್ತದೆ. ತಾರೀಖು ಮಾತ್ರವಲ್ಲ, ಅಣ್ಣನ ವಯಸ್ಸನ್ನು ನೀವೇ ದಾಟಿದ ವರ್ಷವೂ ಜಾಸ್ತಿ ಕಾಡಬಹುದು. ತಮ್ಮನೇ ಅಣ್ಣನಿಗಿಂತ ದೊಡ್ಡವನಾಗುವುದು ವಿಚಿತ್ರವೇ ಸರಿ.

ಇನ್ನೊಂದು ಮಾತು. ಬಂದವರೆಲ್ಲ "ಅಪ್ಪ ಅಮ್ಮ ಹೇಗಿದ್ದಾರೆ?" ಎಂದೇ ಕೇಳುತ್ತಾರೆ. ನಿಮ್ಮನ್ನು ಕೇಳುವವರು ಕಡಿಮೆ. ಹೀಗೆ ಯಾರ ಲೆಕ್ಕಕ್ಕೂ ಬಾರದ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದರು. ನಿಮ್ಮ ಬಾಲ್ಯ ಕಂಡ ಸಾಕ್ಷಿಯೇ ಹೋದದ್ದು, ಸುಮ್ನೆ ಅಲ್ಲ.

ಅತ್ತುಬಿಡಿ. ಅಣ್ಣನ ಹೆಸರು ಹೇಳಿ ಮಾತಾಡಿ. ಆ ದಿನವಷ್ಟೇ ಅಲ್ಲ, ಉಳಿದ ದಿನಗಳಲ್ಲೂ ಊಟ, ನಿದ್ದೆ, ಕೆಲಸ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ.