ಮುಚ್ಚಿಡುವುದೇನಿದೆ ಎಂದವರಿಗೆ

ಓದುಗರ ಪತ್ರ: “ಮಾನ್ಯ ಸಂಪಾದಕರೇ, ನಾವು ಬನ್ನೇರುಘಟ್ಟ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಗೇಟಿನಲ್ಲಿದ್ದ ರಿಜಿಸ್ಟರ್ ಪುಸ್ತಕ ಹೋಗಿ ಆ್ಯಪ್ ಬಂದಿದೆ. ಬಂದವರ ಫೋಟೊ ತೆಗೆದು ಫೋನ್ ನಂಬರು ಕೇಳುತ್ತಾರೆ. ಮನೆಕೆಲಸದವರೂ ಬಾಡಿಗೆದಾರರೂ ಆಧಾರ್ ಜೆರಾಕ್ಸ್ ಕೊಡಬೇಕಂತೆ. ‘ನನ್ನ ಫೋಟೊ ಯಾಕಮ್ಮಾ?’ ಎಂದು ನಮ್ಮ ಮನೆಗೆ ಬರುವಾಕೆ ಕೇಳಿದಳು, ಉತ್ತರ ಹೊಳೆಯಲಿಲ್ಲ. ಕಾರ್ಯದರ್ಶಿಯವರನ್ನು ಕೇಳಿದರೆ ‘ಮುಚ್ಚಿಡುವಂಥದ್ದು ಏನಿದೆ ಮೇಡಂ?’ ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸುತ್ತದೆ. ಪಿಂಚಣಿಯಲ್ಲಿ ಬದುಕುವ ನನ್ನಂಥವಳ ಮಾಹಿತಿ ಯಾರಿಗೆ ಬೇಕು? ಖಾಸಗಿತನವೆಲ್ಲ ದೊಡ್ಡವರ ಚಿಂತೆಯಲ್ಲವೇ?” – ಒಬ್ಬ ನಿವೃತ್ತ ಶಿಕ್ಷಕಿ

ಸಂಪಾದಕರ ಉತ್ತರ:

ಮೇಡಂ, ಪತ್ರದ ಮೊದಲರ್ಧದಲ್ಲಿ ಸರಿಯಾದ ಪ್ರಶ್ನೆ ಎತ್ತಿ, ಕೊನೆಗೆ ನೀವೇ ಅದನ್ನು ಒರೆಸಿಹಾಕಿದ್ದೀರಿ. ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದವರು ಇಷ್ಟು ಬೇಗ ಸೋಲಬಾರದಿತ್ತು. ನಿಮಗಿಂತ ನಿಮ್ಮ ಮನೆಕೆಲಸದಾಕೆಯೇ ವಾಸಿ.

ಕಾರ್ಯದರ್ಶಿಯವರ ಪರವಾಗಿ ಒಂದು ಮಾತು ಹೇಳಿ ಮುಂದೆ ಹೋಗೋಣ. ನೂರಾರು ಮನೆಗಳ ಕಾವಲಿಗೆ ಇಬ್ಬರೋ ಮೂವರೋ ಸೆಕ್ಯೂರಿಟಿಯವರಿರುತ್ತಾರೆ, ಡೆಲಿವರಿ ಹುಡುಗರು ದಿನವಿಡೀ ಬರುತ್ತಿರುತ್ತಾರೆ, ಏನಾದರೂ ಕಳುವಾದರೆ ಬೈಸಿಕೊಳ್ಳುವುದು ಕಮಿಟಿ. ಯಾರು ಯಾವಾಗ ಒಳಗೆ ಬಂದರು ಎನ್ನುವ ಲೆಕ್ಕ ಬೇಕು, ಒಪ್ಪಿದೆ. ಆದರೆ ಆ ನೆಪದಲ್ಲಿ ಬಂದವರೆಲ್ಲರ ಮುಖ, ನಂಬರು, ಗುರುತಿನ ಚೀಟಿ ಕೂಡಿಹಾಕಿ, ಅಳಿಸುವ ಗೋಜಿಗೇ ಹೋಗದೆ ಕೂರುವುದನ್ನು ಒಪ್ಪಲಾಗದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಈ ಊರಿನ ಅಸೋಸಿಯೇಷನ್‌ಗಳು ಬೈಲಾ ಮಾಡಿಕೊಂಡಂತಿದೆ. ‘ಯಾಕೆ’ ಎಂದು ಕೇಳಿದವರೆಲ್ಲ ಹೆಗಲು ಮುಟ್ಟಿಕೊಂಡವರೇ.

ದೊಡ್ಡವರ ಚಿಂತೆ ಎಂದಿರಿ. ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವರು ಬೆಂಗಳೂರಿನ ಒಬ್ಬ ಪಿಂಚಣಿದಾರರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. ಅದಕ್ಕೆ ಆಸರೆಯಾಗಿ 1954ರಲ್ಲಿ ಎಂಟು ನ್ಯಾಯಮೂರ್ತಿಗಳು, 1962ರಲ್ಲಿ ಆರು ನ್ಯಾಯಮೂರ್ತಿಗಳು ಕೊಟ್ಟ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಅವನ್ನು ದಾಟಲು ಒಂಬತ್ತು ಮಂದಿಯ ಪೀಠವೇ ಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತೂ ಮಂದಿ ಒಕ್ಕೊರಲಿನಿಂದ ಅದು ಮೂಲಭೂತ ಹಕ್ಕು ಎಂದರು. ಮರುವರ್ಷ ಇನ್ನೊಂದು ಪೀಠ 4–1ರ ಬಹುಮತದಲ್ಲಿ ಆಧಾರನ್ನು ಸಬ್ಸಿಡಿಗೂ ಪ್ಯಾನ್‌ಗೂ ಉಳಿಸಿ, ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಕಡ್ಡಾಯವಲ್ಲ ಎಂದಿತು. ಆಧಾರ್ ಕಾಯ್ದೆಗೆ ಬಂದ 2019ರ ತಿದ್ದುಪಡಿ, ಸ್ವಇಚ್ಛೆಯಿಂದಾದರೆ ಕೊಡಬಹುದು ಎಂದು ಒಂದು ಕಿಂಡಿ ಬಿಟ್ಟಿತು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿಯವರೂ ಇದೇ ಊರಿನವರು. ಬೆಂಗಳೂರು ಈ ಜಗಳದ ಎರಡೂ ಕಡೆ ನಿಂತಿದೆ. ಇಲ್ಲಿನವರಿಗೆ ಈ ವಿಷಯ ಹೊಸದೂ ಅಲ್ಲ. ಫೋನ್ ಕದ್ದಾಲಿಕೆಯ ಗದ್ದಲದಲ್ಲಿ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿಯನ್ನೇ ಬಿಟ್ಟರು. ಮಾಹಿತಿ ಸೋರಿತು ಎಂದು ಇಂದು ಒಬ್ಬ ಗುಮಾಸ್ತನ ಕುರ್ಚಿಯಾದರೂ ಅಲುಗುತ್ತದೆಯೇ?

ಇನ್ನು ನಿಮ್ಮಂಥವರ ಮಾಹಿತಿ ಯಾರಿಗೆ ಬೇಕು ಎನ್ನುವ ಪ್ರಶ್ನೆ. 2023ರಲ್ಲಿ ಬೆಂಗಳೂರಿನ ಹಲವರ ಖಾತೆಯಿಂದ ಓಟಿಪಿಯೂ ಬಾರದೆ, ಕಾರ್ಡೂ ಬಳಕೆಯಾಗದೆ ದುಡ್ಡು ಹೋಯಿತು. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು, ಅಷ್ಟೇ. ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಗಳಿಗೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ. ಅವುಗಳ ಪ್ರತಿ ಹಿಡಿದು ಕಳ್ಳರು ನಕಲಿ ಬೆರಳಚ್ಚು ಮಾಡಿಕೊಂಡರು ಎಂಬುದು ಪೊಲೀಸರ ವಿವರಣೆ. ಅಂಥವರಿಗೆ ಶ್ರೀಮಂತರೇ ಬೇಕೆಂದಿಲ್ಲ ಮೇಡಂ. ತಿಂಗಳ ಮೊದಲ ವಾರ ಪಿಂಚಣಿ ಬಂದು ಬೀಳುವ ಖಾತೆಯಾದರೆ ಸಾಕು.

ಇದಕ್ಕೊಂದು ಬೀಗವಿದೆ. ಆಧಾರ್ ಪ್ರಾಧಿಕಾರದ ತಾಣಕ್ಕೆ ಹೋಗಿ, ನೋಂದಾಯಿತ ಮೊಬೈಲಿಗೆ ಬರುವ ಓಟಿಪಿ ಕೊಟ್ಟು ಒಳಹೊಕ್ಕು, ಬಯೋಮೆಟ್ರಿಕ್ಸ್ ಲಾಕ್ ಮಾಡಿ. ಬೆರಳಚ್ಚು, ಕಣ್ಣಪಾಪೆ, ಮುಖ ಮೂರಕ್ಕೂ ಬೀಗ ಬೀಳುತ್ತದೆ. ಹೆಚ್ಚಿನವರು ಎಡವುವುದು ಇದಾದ ಮೇಲೆ. ಲಾಕ್ ಮಾಡಿದ್ದು ಮರೆತು ನ್ಯಾಯಬೆಲೆ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ 330 ಎಂಬ ದೋಷಸಂಖ್ಯೆ ಬರುತ್ತದೆ. ಅಂಗಡಿಯವನು ಸರ್ವರ್ ಡೌನ್ ಎಂದು ವಾಪಸು ಕಳಿಸುತ್ತಾನೆ. ಹೋಗುವ ಮುಂಚೆ ತಾತ್ಕಾಲಿಕವಾಗಿ ಬೀಗ ತೆಗೆದರೆ ಹತ್ತು ನಿಮಿಷದಲ್ಲಿ ಅದು ತಾನಾಗಿ ಬಿದ್ದುಕೊಳ್ಳುತ್ತದೆ. ಹಳೆಯ ಮೊಬೈಲ್ ನಂಬರನ್ನೇ ಆಧಾರಿಗೆ ಕೊಟ್ಟು ಮರೆತವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಬದಲಿಸಬೇಕು. ಓಟಿಪಿ ಇಲ್ಲದೆ ಯಾವ ಕೆಲಸವೂ ಸಾಗದು. ಆಧಾರನ್ನು ಯಾವಾಗ, ಯಾವ ಸಂಸ್ಥೆ ಬಳಸಿತು ಎಂಬ ಕಳೆದ ಆರು ತಿಂಗಳ ಪಟ್ಟಿಯೂ ಅದೇ ತಾಣದಲ್ಲಿ ಸಿಗುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರುವಷ್ಟೇ ಶ್ರದ್ಧೆಯಿಂದ ಅದನ್ನೂ ನೋಡಿ.

ಜೆರಾಕ್ಸಿನ ವಿಷಯಕ್ಕೆ ಬರೋಣ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ಅಪಾರ್ಥ ಮಾಡಿಕೊಂಡಾರು ಎಂದು ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ವಾಪಸು ಪಡೆಯಿತು. ಆ ಪ್ರಕಟಣೆಯಷ್ಟು ಕೆಲಸಕ್ಕೆ ಬರುವ ಸರ್ಕಾರಿ ಬರಹ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾಸ್ಕ್ ಮಾಡಿದ ಆಧಾರಿನಲ್ಲಿ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಡೌನ್‌ಲೋಡ್ ಮಾಡುವಾಗ ಮಾಸ್ಕ್ ಬೇಕೇ ಎನ್ನುವ ಚೌಕಕ್ಕೆ ನೀವೇ ಟಿಕ್ ಹಾಕಬೇಕು, ಮರೆತರೆ ಪೂರ್ತಿ ಸಂಖ್ಯೆಯದೇ ಬರುತ್ತದೆ. ಕಡತದ ಪಾಸ್‌ವರ್ಡ್ ಇಂಗ್ಲಿಷಿನಲ್ಲಿ ನಿಮ್ಮ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ, ಅದರ ಮುಂದೆ ಹುಟ್ಟಿದ ವರ್ಷ. ಹೆಸರು, ವರ್ಷ ಗೊತ್ತಿದ್ದವರೆಲ್ಲ ತೆರೆಯಬಹುದಾದ್ದರಿಂದ ಅದನ್ನೇ ನೆಚ್ಚಿಕೊಳ್ಳಬೇಡಿ. ಮಾಸ್ಕ್ ಮರೆಸುವುದು ಸಂಖ್ಯೆಯನ್ನಷ್ಟೇ ಎಂಬುದೂ ನೆನಪಿರಲಿ. ವಿಳಾಸ, ಜನ್ಮದಿನಾಂಕ, ಕ್ಯೂಆರ್ ಕೋಡ್ ಹಾಗೇ ಉಳಿಯುತ್ತವೆ. ಆದ್ದರಿಂದ ಪ್ರತಿಯ ಮೇಲೆ ಅಡ್ಡಲಾಗಿ, ಫೋಟೊದ ಅಂಚಿಗೆ ತಾಗುವಂತೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬಾಲ್‌ಪೆನ್ನಿನಲ್ಲಿ ಬರೆದು ಸಹಿ ಹಾಕಿ. ಮೂಲೆಯಲ್ಲಿ ಬರೆದರೆ ಕತ್ತರಿಸಿ ಹಾಕುತ್ತಾರೆ.

ಕಡತ ಹೆಚ್ಚಾಗಿ ಕೈತಪ್ಪುವುದು ಪ್ರಿಂಟ್ ಅಂಗಡಿಯಲ್ಲಿ. “ವಾಟ್ಸ್ಆ್ಯಪ್ ಮಾಡಿ ಸಾರ್” ಎಂದು ಗೋಡೆಗೆ ಅಂಟಿಸಿದ ನಂಬರು ತೋರಿಸುತ್ತಾರೆ. ಕಳಿಸಿದ್ದು ಅಂಗಡಿಯವನ ಫೋನಿನಲ್ಲೂ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೂ ಉಳಿಯುತ್ತದೆ. ‘ಎಲ್ಲರಿಗೂ ಅಳಿಸು’ ಒತ್ತಿದರೆ ಚಾಟ್‌ನಿಂದ ಹೋಗುತ್ತದೆಯೇ ಹೊರತು ಇಳಿಸಿಕೊಂಡ ಕಡತ ಹೋಗದು. ಎದುರಿಗೇ ನಿಂತು ಅಳಿಸಲು ಹೇಳಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಕೊಂಚ ಮುಖ ಗಂಟಿಕ್ಕಬಹುದು, ಇಕ್ಕಲಿ. ವಕ್ರವಾಗಿ ಬಂತೆಂದು ಬುಟ್ಟಿಗೆ ಎಸೆದ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ.

ಈಗ ನಿಮ್ಮ ಗೇಟು. ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ನಿವಾಸಿಯೇ ಮುಂಚಿತವಾಗಿ ಅತಿಥಿಗೊಂದು ಕೋಡ್ ಕಳಿಸಲು ಬರುತ್ತದೆ. ಬಂದವರು ಕೋಡ್ ಹೇಳಿದರೆ ಒಳಗೆ ಬಿಡಬಹುದು. ಗೇಟಿನಲ್ಲಿ ಫೋಟೊ ತೆಗೆಯಬೇಕೇ ಬೇಡವೇ, ದಾಖಲೆ ಎಷ್ಟು ದಿನ ಉಳಿಯಬೇಕು ಎನ್ನುವುದು ಕಮಿಟಿಯೂ ಆ್ಯಪ್ ಕಂಪನಿಯೂ ಕೂತು ತೀರ್ಮಾನಿಸುವ ಸಂಗತಿ, ದೇವರು ಬರೆದದ್ದಲ್ಲ. ಜನ ಸೇರುವ ಜಾಗಗಳಿಗೆಂದು ಕರ್ನಾಟಕ 2017ರಲ್ಲಿ ತಂದ ಸಾರ್ವಜನಿಕ ಸುರಕ್ಷತಾ ಕಾಯ್ದೆ ಸಿಸಿಟಿವಿ ದೃಶ್ಯವನ್ನು 30 ದಿನ ಇಡಬೇಕೆನ್ನುತ್ತದೆ. ಮಾಲು, ಬಸ್ ನಿಲ್ದಾಣಕ್ಕೇ ಅಷ್ಟು ಸಾಕಾದರೆ, ಮೂರನೇ ಮಹಡಿಯ ಮಗುವಿನ ನಾಮಕರಣಕ್ಕೆ ಬಂದವರ ಪಟ್ಟಿ ಎರಡು ವರ್ಷ ಯಾಕೆ ಕೊಳೆಯಬೇಕು? ಆ್ಯಪ್ ತಂದವರು ಸಾಮಾನ್ಯವಾಗಿ ಮರೆಯುವುದು ಮೂರು ಸಂಗತಿ. ಹಳೆಯ ಕಮಿಟಿಯವರ ಅಡ್ಮಿನ್ ಲಾಗಿನ್ ತೆಗೆಯುವುದಿಲ್ಲ. ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಯಾರದೋ ಸ್ವಂತ ಲ್ಯಾಪ್‌ಟಾಪಿನಲ್ಲಿ ಇಟ್ಟಿರುತ್ತಾರೆ. ಗೇಟಿನ ಫೋನಿಗೆ ಲಾಕ್ ಇರುವುದಿಲ್ಲ, ಪಾಳಿ ಬದಲಾದಂತೆ ಅದು ಕೈಯಿಂದ ಕೈಗೆ ಹೋಗುತ್ತಿರುತ್ತದೆ.

ನಿಮ್ಮ ಮನೆಗೆ ಬರುವಾಕೆಯ ಪಾಡು ಇದಕ್ಕಿಂತ ಕಷ್ಟ. ಎಷ್ಟು ಹೊತ್ತಿಗೆ ಬಂದಳು, ಯಾವ ಯಾವ ಮನೆಗೆ ಹೋದಳು, ಯಾರು ಎಷ್ಟು ಸ್ಟಾರ್ ಕೊಟ್ಟರು ಎನ್ನುವುದು ಇಡೀ ಕಟ್ಟಡಕ್ಕೆ ಕಾಣುವಂತಿರುತ್ತದೆ. ಅವಳಿಗೆ ಸ್ಟಾರ್ ಕೊಡುವವರಿಗೆ ಅವಳು ಸ್ಟಾರ್ ಕೊಡುವಂತಿಲ್ಲ. ಆಧಾರ್ ಕಾಯ್ದೆ ‘ಸ್ವಇಚ್ಛೆ’ ಎನ್ನುತ್ತದೆ; ಆಧಾರ್ ಕೊಡದಿದ್ದರೆ ನಾಳೆಯಿಂದ ಗೇಟು ತೆರೆಯದು ಎಂದಾಗ ಅವಳ ಇಚ್ಛೆ ಎಲ್ಲಿ ಉಳಿಯಿತು? ಪೊಲೀಸ್ ಪರಿಶೀಲನೆ ಬೇಕಿದ್ದರೆ ಠಾಣೆಯ ಮೂಲಕ ಮಾಡಿಸಿ. ಗುರುತಿಗೆ ವೋಟರ್ ಐಡಿ ನೋಡಿ ಮರಳಿ ಕೊಟ್ಟರೆ ಆಯಿತು, ಪ್ರತಿ ಇಟ್ಟುಕೊಳ್ಳುವುದೇಕೆ? ಕೆಲಸ ಬಿಟ್ಟ ದಿನವೇ ಅವಳ ದಾಖಲೆ ಅಳಿಸಬೇಕೆಂದು ನೀವು ಕೇಳಿ, ನೀವು ಕೇಳಿದರೆ ನಡೆಯುತ್ತದೆ.

ಅಂಗಡಿಯಲ್ಲಿ ಬಿಲ್ ಹಾಕುವಾಗ ‘ನಂಬರ್ ಹೇಳಿ ಮೇಡಂ’ ಎನ್ನುತ್ತಾರಲ್ಲ, ಕೊಡಬೇಕಾಗಿಲ್ಲ. ನಂಬರಿಗಾಗಿ ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ‘ಸಿಸ್ಟಂ ಮುಂದಕ್ಕೆ ಹೋಗಲ್ಲ’ ಎಂದರೆ ಅಂಗಡಿಯ ನಂಬರನ್ನೇ ಹಾಕಿಕೊಳ್ಳಿ ಎನ್ನಿ. ಹೋಗುತ್ತದೆ.

ಕಾನೂನು ಇದೆಯಲ್ಲ ಎನ್ನುವಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ ಮತ್ತೆ 18 ತಿಂಗಳ ಕಾಲಾವಕಾಶ. ಕಾಗದದ ರಿಜಿಸ್ಟರಿಗೆ ಅದು ಅನ್ವಯಿಸದು. ಡಿಜಿಟಲ್ ಮಾಡಿದ ಕ್ಷಣದಿಂದ ಅನ್ವಯಿಸುತ್ತದೆ. ಆ್ಯಪ್ ತಂದು ಕಾರ್ಯದರ್ಶಿಯವರು ತಮಗೆ ತಾವೇ ಹೊಣೆ ತಂದುಕೊಂಡಿದ್ದಾರೆ, ಹೇಳಿಬಿಡಿ. ಮಾಹಿತಿ ಯಾಕೆ ಬೇಕೆಂಬ ನೋಟಿಸನ್ನು ಕನ್ನಡದಲ್ಲೇ ಕೇಳಬಹುದು, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆಲ್ಲ ಆ ಅವಕಾಶವಿದೆ. ಇದುವರೆಗೆ ಒಳ್ಳೆಯದೇ. ಆದರೆ ದಂಡ 250 ಕೋಟಿ ರೂಪಾಯಿವರೆಗೆ ಎಂದು ಡಂಗುರ ಹೊಡೆದವರು, ಅದು ಕೇಂದ್ರದ ಖಜಾನೆಗೆ ಹೋಗುತ್ತದೆ ಎಂಬುದನ್ನು ಮೆಲ್ಲಗೆ ಹೇಳಿದರು. ಮಾಹಿತಿ ಕಳೆದುಕೊಂಡವರಿಗೆ ಅದರಲ್ಲಿ ಒಂದು ಪೈಸೆಯಿಲ್ಲ. ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿದ್ದ 43ಎ ಕಲಮನ್ನೂ ಇದೇ ಕಾಯ್ದೆ ಕಿತ್ತುಹಾಕುತ್ತದೆ. ಸುಳ್ಳು ದೂರು ಕೊಟ್ಟರೆ ನಾಗರಿಕರಿಗೇ 10,000 ರೂಪಾಯಿವರೆಗೆ ದಂಡ. ಸರ್ಕಾರಕ್ಕೆ ಮಾತ್ರ ವಿನಾಯಿತಿಗಳ ಸಾಲು.

ಇಷ್ಟು ಸಾಲದೆಂಬಂತೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ತಿದ್ದಿದ್ದಾರೆ. ಮೊದಲು, ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಅಧಿಕಾರಿಯ ವೈಯಕ್ತಿಕ ಮಾಹಿತಿಯನ್ನೂ ಕೊಡಬೇಕೆಂದು ಆ ಕಲಮಿನಲ್ಲೇ ಇತ್ತು. ಈಗ ವೈಯಕ್ತಿಕ ಎಂದರೆ ಮುಗಿಯಿತು, ಅರ್ಜಿದಾರರು ಬೇರೆ ಕಲಮು ಹುಡುಕಬೇಕು. ಮನೆಕೆಲಸದಾಕೆಯ ಬೆರಳಚ್ಚು ಎಲ್ಲರಿಗೂ ಬೇಕು. ಟೆಂಡರಿಗೆ ಸಹಿ ಹಾಕಿದ ಎಂಜಿನಿಯರ್ ಯಾರು ಎಂದು ಕೇಳಿದರೆ ಮಾತ್ರ ಖಾಸಗಿತನದ ನೆನಪು ಬರುತ್ತದೆ. ಈ ನಾಡಿನಲ್ಲಿ ಖಾಸಗಿತನ ದೊಡ್ಡವರದ್ದು ಎಂದಿರಲ್ಲ, ಈ ಒಂದು ಅರ್ಥದಲ್ಲಿ ನಿಮ್ಮ ಮಾತು ನಿಜ.

ಮುಂದಿನ ಸಭೆಗೆ ಮುಂಚೆ ಕಾರ್ಯದರ್ಶಿಯವರಿಗೆ ಬರಹದಲ್ಲಿ ಕೇಳಿ: ಮಾಹಿತಿ ಯಾವ ಕಂಪನಿಯ ಬಳಿ ಇದೆ, ಒಪ್ಪಂದದ ಪ್ರತಿ ಎಲ್ಲಿ, ಎಷ್ಟು ದಿನಕ್ಕೆ ಅಳಿಸುತ್ತಾರೆ, ಅಡ್ಮಿನ್ ಲಾಗಿನ್ ಯಾರ ಯಾರ ಕೈಯಲ್ಲಿದೆ, ಇದುವರೆಗೆ ತೆಗೆದುಕೊಂಡ ಆಧಾರ್ ಪ್ರತಿಗಳು ಯಾವ ಕಪಾಟಿನಲ್ಲಿವೆ. ಸ್ವೀಕೃತಿ ಸಹಿ ಹಾಕಿಸಿಕೊಂಡು, ಉತ್ತರವನ್ನು ಮಿನಿಟ್ಸ್‌ನಲ್ಲಿ ಬರೆಸಿ. ಬರೆಯಲು ಒಪ್ಪದಿದ್ದರೆ ಅದೇ ಪತ್ರವನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಮೇಂಟೆನೆನ್ಸ್ ಬಾಕಿ ಇಟ್ಟವರ ಹೆಸರು, ಫ್ಲ್ಯಾಟ್ ನಂಬರು, ಮೊತ್ತ ಎಲ್ಲವನ್ನೂ ಅಲ್ಲಿ ಅಂಟಿಸಿರುತ್ತಾರಲ್ಲ, ಅದರ ಮೇಲೇ ಹಚ್ಚಿದರೂ ನಡೆಯುತ್ತದೆ.

– ಸಂ.